ಮಸಾರಿಕ್ ಭಾಷಣದ ಮೂರನೆಯ ಪ್ಯಾರಾ

ನನಗೆ ಸಿಟ್ಟು ಬರುವುದಕ್ಕೆ ದೊಡ್ಡ ಕಾರಣ ಬೇಕಿಲ್ಲ ಎಂದು ನನ್ನ ಹೆಂಡತಿ ಎಲ್ಲರ ಮುಂದೆ ಹೇಳುತ್ತಾಳೆ. ಟ್ರಾಫಿಕ್ ಸಾಕು, ಎ.ಸಿ. ಸದ್ದು ಸಾಕು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಿ ಎನ್ನುವ ಅಪ್ಪ ಅಮ್ಮಂದಿರಂತೂ ಸಾಕೇ ಸಾಕು. ಆದರೆ ಈ ಸಲದ ಸಿಟ್ಟು ಬೇರೆ. ಇದರಲ್ಲಿ ದೊಡ್ಡ ಪಾಲು ನನ್ನ ಮೇಲೆಯೇ ಇದೆ. ಹಾಗಾಗಿ ಯಾರ ಮೇಲೋ ಕೂಗಾಡಿ ತೀರಿಸಿಕೊಳ್ಳುವ ಹಾಗೂ ಇಲ್ಲ.

ನನ್ನ ಹೆಸರು ರಾಜಗೋಪಾಲ, ಊರು ಮೈಸೂರು. ಇಪ್ಪತ್ತೆರಡು ವರ್ಷದಿಂದ ಒಮಾನಿನ ಅಲ್ ಗುಬ್ರಾದಲ್ಲಿದ್ದೇನೆ. ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಬೇರೆಯವರು ಬರೆದ ಕಾಗದಗಳಿಗೆ ನಂಬರ್ ಕೊಟ್ಟು ಜಾಗಕ್ಕೆ ಸೇರಿಸುವವನು. ಅಲ್ಲಿ ನನ್ನನ್ನು ಕೇಳುವವರಿಲ್ಲ. ಕನ್ನಡ ಬಳಗದಲ್ಲಿ ಮಾತ್ರ ನನ್ನ ಮರ್ಯಾದೆಯೇ ಬೇರೆ. ಗಣೇಶನ ಹಬ್ಬಕ್ಕೆ ಶ್ಲೋಕ ಹೇಳುವವನು ನಾನು, ಮಕ್ಕಳ ಭಾಷಣ ಸ್ಪರ್ಧೆಗೆ ಭಾಷಣ ಬರೆದುಕೊಡುವವನೂ ನಾನೇ. ನಾನು ಬರೆಯುತ್ತೇನೆ, ಅಪ್ಪಂದಿರು ಅದನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುತ್ತಾರೆ, ಮಕ್ಕಳು ಉರು ಹೊಡೆದು ವೇದಿಕೆಯ ಮೇಲೆ ಒಪ್ಪಿಸುತ್ತಾರೆ. ಅರ್ಥ ಯಾರಿಗೂ ಬೇಡ. ಐದು ನಿಮಿಷದಲ್ಲಿ ಮುಗಿದರೆ ಸಾಕು, ಕೊನೆಗೆ ಕೈ ಎತ್ತಿ ಜೈ ಕರ್ನಾಟಕ ಎಂದರೆ ಸಾಕು.

ಈ ವರ್ಷದ ವಿಷಯ ‘ದೇಶ ಕಟ್ಟಿದವರು’. ಸಮಿತಿಯವರು ನೆಟ್‌ನಿಂದ ಒಂದು ಪಟ್ಟಿ ಇಳಿಸಿ ಚೀಟಿ ಎತ್ತಿಸಿದರು. ಎಂಟನೇ ಕ್ಲಾಸಿನ ಸಿಂಚನಾಳಿಗೆ ಬಂದದ್ದು ತೊಮಾಶ್ ಮಸಾರಿಕ್, ಝೆಕೊಸ್ಲೊವಾಕಿಯಾದ ಮೊದಲ ಅಧ್ಯಕ್ಷ. ಅವಳ ಅಮ್ಮ ಶುಭಾ ಮುಖ ಸಣ್ಣದು ಮಾಡಿಕೊಂಡಳು. ಬೇರೆ ಮಕ್ಕಳಿಗೆಲ್ಲ ಗಾಂಧಿ, ಮಂಡೇಲಾ ಸಿಕ್ಕಿದ್ದರು. ಈಗ ಆ ಹೆಸರಿನ ದೇಶವೇ ಇಲ್ಲವಂತೆ, ಇಲ್ಲದ ದೇಶ ಕಟ್ಟಿದವನ ಬಗ್ಗೆ ಮಗು ಏನು ಮಾತಾಡಬೇಕು ಎಂದು ಅವಳ ಗಂಡ ಸುಭಾಸ ಸಮಿತಿಯ ಜೊತೆ ವಾದ ಮಾಡಿದ. ಇಬ್ಬರೂ ಬಾಗಲಕೋಟೆ ಕಡೆಯವರು, ಇಬ್ಬರದ್ದೂ ಒಳ್ಳೆಯ ಕೆಲಸ. ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನಗೆ ಮನಸ್ಸಿರುವುದಿಲ್ಲ.

ಓದುತ್ತ ಹೋದ ಹಾಗೆ ಮಸಾರಿಕ್ ನನ್ನನ್ನು ಹಿಡಿದು ಕೂರಿಸಿದ. ಅಪ್ಪ ಸಾಹುಕಾರರ ಎಸ್ಟೇಟಿನಲ್ಲಿ ಗಾಡಿ ಹೊಡೆಯುವವನು. ಮಗನನ್ನು ಮೊದಲು ಬೀಗ ಮಾಡುವವನ ಹತ್ತಿರ, ಆಮೇಲೆ ಕಮ್ಮಾರನ ಹತ್ತಿರ ಕೆಲಸ ಕಲಿಯಲು ಬಿಟ್ಟಿದ್ದರು. ಆ ಹುಡುಗ ಪ್ರೊಫೆಸರ್ ಆದ. ಹೆಂಡತಿಯ ಮನೆತನದ ಹೆಸರನ್ನು ತನ್ನ ಹೆಸರಿನ ನಡುವೆ ಸೇರಿಸಿಕೊಂಡ, ಅದೂ ಆ ಕಾಲದಲ್ಲಿ. ಅವನ ಜನ ಹೆಮ್ಮೆಯಿಂದ ತಲೆ ಮೇಲೆ ಹೊತ್ತು ಮೆರೆಸುತ್ತಿದ್ದ ಪ್ರಾಚೀನ ಹಸ್ತಪ್ರತಿಗಳು ನಕಲಿ ಎಂದು ಬರೆಸಿ, ದೇಶದ್ರೋಹಿ ಅನ್ನಿಸಿಕೊಂಡ. ಇವಿಷ್ಟೂ ಮೊದಲೆರಡು ಪ್ಯಾರಾಕ್ಕೆ ಹೋದವು.

ಮೂರನೆಯ ಪ್ಯಾರಾ ಬರೆದ ದಿನ ನಾನು ಊಟಕ್ಕೆ ತಡವಾಗಿ ಎದ್ದೆ. ೧೮೯೯ರಲ್ಲಿ ಪೋಲ್ನಾ ಎಂಬ ಸಣ್ಣ ಊರಿನಲ್ಲಿ ಒಬ್ಬ ಹುಡುಗಿಯ ಕೊಲೆಯಾಯಿತು. ಹಿಲ್ಸ್‌ನರ್ ಎಂಬ ಬಡ ಯಹೂದಿಯನ್ನು ಹಿಡಿದರು. ಯಹೂದಿಗಳಿಗೆ ತಮ್ಮ ಆಚರಣೆಗೆ ಕ್ರೈಸ್ತರ ರಕ್ತ ಬೇಕಂತೆ ಎಂಬ ಹಳೆಯ ಹೊಲಸು ಮಾತೊಂದಿತ್ತು. ಅದನ್ನು ಊರಿಗೆ ಊರೇ ನಂಬಿತು, ಪತ್ರಿಕೆಗಳು ನಂಬಿದವು, ಕೋರ್ಟು ಮರಣದಂಡನೆ ಕೊಟ್ಟಿತು. ಮಸಾರಿಕ್ ಇದು ಸುಳ್ಳು ಎಂದು ಬರೆದ. ಅವನ ಬರಹವನ್ನು ಸರಕಾರ ಜಪ್ತಿ ಮಾಡಿತು. ಅವನ ಸ್ವಂತ ವಿದ್ಯಾರ್ಥಿಗಳೇ ಕ್ಲಾಸಿಗೆ ನುಗ್ಗಿ ಕೂಗಿ, ಪಾಠ ಮಾಡಲು ಬಿಡಲಿಲ್ಲ. ಮಾತು ಕೇಳಿಸದಾದಾಗ ಅವನು ಹೇಳಬೇಕಾದದ್ದನ್ನು ಕಪ್ಪು ಹಲಗೆಯ ಮೇಲೆ ಬರೆದನಂತೆ. ಬರೆದು ಮುಗಿಸಿದಾಗ ನನ್ನ ಮೈ ಜುಮ್ಮೆಂದಿತ್ತು. ಅಂಥವನು ನಾನೇ ಎನ್ನುವಷ್ಟು ಹೆಮ್ಮೆ ಆ ರಾತ್ರಿ ನನಗಿತ್ತು.

ಇನ್ನು ಪಫ್‌ನ ವಿಷಯ. ನಮ್ಮ ಮನೆಗೆ ಮೊಟ್ಟೆಯೂ ಬರುವುದಿಲ್ಲ. ಇಡೀ ಬಳಗಕ್ಕೆ ಅದು ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ವಾರಕ್ಕೆರಡು ದಿನ, ಮನೆಯಿಂದ ಕೆಲಸ ಮಾಡುವ ಸೋಮವಾರ ಮತ್ತು ಬುಧವಾರ, ನಾನು ಕೆಳಗಿಳಿದು ಕಾರನ್ನು ನಮ್ಮ ಕಟ್ಟಡದ ಕಾಫಿ ಶಾಪಿನ ಮುಂದೆ ನಿಲ್ಲಿಸಿ ಒಂದು ಹಾರ್ನ್ ಹೊಡೆಯುತ್ತೇನೆ. ಈ ದೇಶದಲ್ಲಿ ಯಾರೂ ಕಾರಿನಿಂದ ಇಳಿಯುವುದಿಲ್ಲ. ಅಂಗಡಿಯ ನವಾಝ್ ಕೇಳದೆಯೇ ಒಂದು ಕಡಕ್ ಚಹಾ, ಒಂದು ಚಿಕನ್ ಪಫ್ ತಂದು ಕಿಟಕಿಯಲ್ಲಿ ಕೊಡುತ್ತಾನೆ. ಎ.ಸಿ. ಹಾಕಿಕೊಂಡು, ಗಾಜು ಏರಿಸಿಕೊಂಡು ತಿನ್ನುತ್ತೇನೆ. ಇಪ್ಪತ್ತು ವರ್ಷದ ಅಭ್ಯಾಸ, ದಿನಗಳಷ್ಟೇ ಬದಲಾಗಿವೆ.

ಆ ಸೋಮವಾರ ಸಿಂಚನಾ ಭಾಷಣದ ಅಭ್ಯಾಸಕ್ಕೆ ನಮ್ಮ ಮನೆಗೆ ಬರುವವಳಿದ್ದಳು. ಶಾಲೆಯ ಮಕ್ಕಳನ್ನು ಕರೆತರುವ ವ್ಯಾನಿನ ಡ್ರೈವರ್ ಅದ್ದು, ಉಪ್ಪಿನಂಗಡಿಯ ಮುಸಲ್ಮಾನ. ಹನ್ನೊಂದು ಮನೆಯ ಮಕ್ಕಳನ್ನು ಆರು ವರ್ಷದಿಂದ ಸಾಗಿಸುತ್ತಿದ್ದ. ಎಲ್ಲರ ಬ್ಯಾಗು, ನೀರಿನ ಬಾಟಲಿ, ಮರೆತ ಕ್ಯಾಲ್ಕುಲೇಟರ್ ಅವನಿಗೇ ನೆನಪು. ಅವನು ನಮ್ಮ ಕಟ್ಟಡದ ಮುಂದೆ ನಿಲ್ಲಿಸಿದಾಗ ಸಿಂಚನಾ ಇಳಿದು ಲಿಫ್ಟಿನ ಕಡೆ ನಡೆದಳು. ವ್ಯಾನಿನಲ್ಲೇ ಉಳಿದ ಅವಳ ತಂಗಿ, ಆರು ವರ್ಷದ ಖುಷಿ, ಹಸಿವೆಂದು ರಚ್ಚೆ ಹಿಡಿದಿದ್ದಳು. ಕಾರಿನಲ್ಲಿದ್ದ ನಾನು ಕನಿಕರಪಟ್ಟು, ಅವರದೂ ಮೊಟ್ಟೆ ಮುಟ್ಟದ ಮನೆ ಎಂದು, ನವಾಝ್‌ಗೆ ಒಂದು ವೆಜ್ ಪಫ್ ಕೂಡ ತರಲು ಹೇಳಿದೆ. ಎರಡೂ ಒಂದೇ ಥರದ ಕಂದು ಕವರಿನಲ್ಲಿ ಬಂದವು. ಒಂದನ್ನು ಅದ್ದುವಿನ ಕಿಟಕಿಯಲ್ಲಿ ಕೊಟ್ಟೆ, ಅವನು ಹಿಂದಕ್ಕೆ ತಿರುಗಿ ಖುಷಿಯ ಕೈಗೆ ಕೊಟ್ಟ. ವ್ಯಾನು ಹೊರಟಿತು. ನಾನು ಕಾರಿಗೆ ಬಂದು ನನ್ನದನ್ನು ಕಚ್ಚಿದೆ. ಒಳಗೆ ಆಲೂಗಡ್ಡೆ ಇತ್ತು.

ಆಗಲೇ ಫೋನ್ ಮಾಡಬಹುದಿತ್ತು. ವ್ಯಾನು ಸಿಗ್ನಲ್ ಕೂಡ ದಾಟಿರಲಿಲ್ಲ. ಮಾಡಲಿಲ್ಲ. ಮಗು ತಿಂದು ಮರೆಯುತ್ತದೆ ಅಂದುಕೊಂಡೆ.

ಮಗು ತಿಂದದ್ದು ಅರ್ಧ. ಉಳಿದರ್ಧ ಬ್ಯಾಗಿನಲ್ಲಿತ್ತು. ಸುಭಾಸನ ತಾಯಿ ಮಲ್ಲವ್ವ ವಿಸಿಟ್ ವೀಸಾದಲ್ಲಿ ಬಂದು ಮನೆಯಲ್ಲಿದ್ದರು. ಬ್ಯಾಗು ತೆಗೆದು ನೋಡಿದರು, ಮಗುವಿನ ಬಾಯಿ ತೊಳೆಸಿದರು, ಸ್ನಾನ ಮಾಡಿಸಿದರು, ತಾವೂ ಅತ್ತರು, ಮಗುವನ್ನೂ ಅಳಿಸಿದರು. ಯಾರು ಕೊಟ್ಟರು ಎಂದು ಕೇಳಿದ್ದಕ್ಕೆ ಖುಷಿ ಅದ್ದು ಅಂಕಲ್ ಕೊಟ್ಟರು ಅಂದಳು. ಮಗು ಹೇಳಿದ್ದು ನಿಜವೇ.

ಸಂಜೆ ಆರೂವರೆಗೆ ಸುಭಾಸ ಅದ್ದುವನ್ನು ಮನೆಗೆ ಕರೆಸಿ ನಿಲ್ಲಿಸಿಕೊಂಡು ನನಗೆ ಫೋನ್ ಮಾಡಿದ. ಫೋನು ಸ್ಪೀಕರ್‌ನಲ್ಲಿದೆ ಎಂದು ಅವನೇ ಹೇಳಿದ. ಹಿಂದೆ ಮಲ್ಲವ್ವನ ಧ್ವನಿ, ಇನ್ನೊಂದೆರಡು ಗಂಡಸರ ಧ್ವನಿ ಕೇಳುತ್ತಿತ್ತು.

“ನೋಡ್ರೀ ಸರ್ರ, ನಮ್ಮ ಕೂಸಿಗೆ ಕೋಳಿ ತಿನ್ನಿಸ್ಯಾನ. ಕೇಳಿದ್ರ ನಿಮ್ಮ ಹೆಸರು ಹೇಳಾಕತ್ತಾನ. ರಾಜಗೋಪಾಲ ಸರ್ ಕೊಟ್ರು ಅಂತಾನ ನೋಡ್ರಿ, ನೀವು!”

ನಾನು ನಕ್ಕೆ. ನನ್ನ ಬಾಯಿಂದ ಸುಳ್ಳು ಬರಲಿಲ್ಲ ಎಂದು ಆಮೇಲೆ ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಬರೀ ನಗು ಬಂತು. ಆ ಕಡೆಯವರೆಲ್ಲ ನಕ್ಕರು. ಅಷ್ಟು ಸಾಕಾಯಿತು. ಕೋಳಿ ತಿನ್ನಿಸಿದ ತಪ್ಪಿನ ಜೊತೆಗೆ ದೊಡ್ಡ ಮನುಷ್ಯರ ಮೇಲೆ ಸುಳ್ಳು ಹೊರಿಸಿದ ತಪ್ಪೂ ಸೇರಿತು.

ರಾತ್ರಿ ಊಟದ ಹೊತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಿ ಅದು ಬೇಕೆಂದೇ ಮಾಡಿದ್ದು ಎಂದಾಯಿತು. ಮಂಗಳವಾರ ಬೆಳಿಗ್ಗೆ, ಅದು ಮೊದಲ ಸಲವಲ್ಲ ಎಂದಾಯಿತು. ಮಧ್ಯಾಹ್ನಕ್ಕೆ ಅದು ಕೋಳಿಯೇ ಅಲ್ಲ, ಬೇರೆ ಮಾಂಸ ಎಂದಾಯಿತು. ಇವರು ಹೀಗೇ ಮಾಡುತ್ತಾರೆ, ಇದಕ್ಕೆಂದೇ ಹೇಳಿಕೊಟ್ಟಿರುತ್ತಾರೆ ಎಂದು ಯಾರೋ ವಿಡಿಯೋ ಹಾಕಿದರು. ಆರು ವರ್ಷ ಇವರ ಮಕ್ಕಳ ವಾಂತಿ ಒರೆಸಿದವನ ಬಗ್ಗೆ ಆಡಿದ ಮಾತು ಇವು. ಎಂ.ಟೆಕ್ ಮಾಡಿದವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಒಬ್ಬೊಬ್ಬರ ಹೆಸರೂ ನನಗೆ ಗೊತ್ತು. ನಾನು ಒಂದೊಂದನ್ನೂ ಓದಿದೆ. ಕೈ ಮುಗಿದ ಚಿತ್ರ ಹಾಕಿ ಸುಮ್ಮನಾದೆ.

ಸಂಜೆ ಹನ್ನೊಂದು ಮನೆಯವರೂ ಸಹಿ ಹಾಕಿದ ದೂರು ತಮೀಮ್‌ಗೆ ಹೋಯಿತು. ತಮೀಮ್ ಅಲ್ ಮಬೇಲಾದ ಒಮಾನಿ. ವ್ಯಾನು ಅವನದು, ಅದ್ದುವಿನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ ಕೂಡ ಅವನೇ. ಅವನು ಮನಸ್ಸು ಮಾಡಿದರೆ ವೀಸಾ ಕ್ಯಾನ್ಸಲ್, ಅದ್ದು ಊರಿಗೆ. ಅದ್ದುವಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ನರ್ಸಿಂಗ್ ಓದುತ್ತಿದ್ದಾಳೆ. ಇದನ್ನೂ ಅವನೇ ಹೇಳಿದ್ದ, ಒಂದು ದಿನ ನನ್ನ ಕಾರು ಕೆಟ್ಟಾಗ ನನ್ನನ್ನು ಆಫೀಸಿಗೆ ಬಿಡುತ್ತ.

ಬುಧವಾರ ಸಿಂಚನಾಳನ್ನು ಶುಭಾ ತಾನೇ ಕಾರಿನಲ್ಲಿ ತಂದು ಬಿಟ್ಟಳು. ಮಗುವಿನ ಕೈಯಲ್ಲಿದ್ದ ಇಂಗ್ಲಿಷ್ ಅಕ್ಷರದ ಪ್ರತಿಯಲ್ಲಿ ಮೂರನೆಯ ಪ್ಯಾರಾ ಇರಲಿಲ್ಲ. ಮರ್ಡರ್ ಕೇಸು ಬೇಡ, ಮಕ್ಕಳ ಕಾರ್ಯಕ್ರಮ, ಅಧ್ಯಕ್ಷನಾದದ್ದಷ್ಟು ಹೇಳಿದರೆ ಸಾಕು ಎಂದು ಸುಭಾಸ ತೆಗೆದಿದ್ದನಂತೆ. ಒಂದು ಅಲ್ಪವಿರಾಮ ತೆಗೆದರೂ ಜಗಳಕ್ಕೆ ನಿಲ್ಲುವ ನಾನು ಸರಿ ಅಂದೆ.

ಸಿಂಚನಾ ಮಾತ್ರ ಬಿಡಲಿಲ್ಲ. ಆ ಪ್ಯಾರಾವನ್ನು ಅವಳು ಆಗಲೇ ಬಾಯಿಪಾಠ ಮಾಡಿಯಾಗಿತ್ತು. ಆ ಯಹೂದಿ ಕೊನೆಗೆ ಬಿಡುಗಡೆ ಆದನಾ ಎಂದು ಕೇಳಿದಳು. ಇಲ್ಲ, ಎರಡನೇ ವಿಚಾರಣೆಯಲ್ಲೂ ಅದೇ ಶಿಕ್ಷೆ, ಆಮೇಲೆ ಅದನ್ನು ಜೀವಾವಧಿಗೆ ಇಳಿಸಿದರು, ಸುಮಾರು ಹತ್ತೊಂಬತ್ತು ವರ್ಷ ಒಳಗಿದ್ದ, ಬಿಟ್ಟದ್ದು ೧೯೧೮ರಲ್ಲಿ ಎಂದೆ. ಹಾಗಾದರೆ ಪ್ರೊಫೆಸರ್ ಬರೆದು ಏನು ಉಪಯೋಗವಾಯಿತು ಎಂದಳು. ಹಾಳೆ ಕೆಳಗಿಟ್ಟಳು.

ಸೋಮವಾರ ಲಿಫ್ಟಿನ ಹತ್ತಿರ ನಿಂತು ತಿರುಗಿ ನೋಡಿದಾಗ ಕವರು ನನ್ನ ಕೈಯಿಂದ ಹೋದದ್ದು ತನಗೆ ಕಂಡಿತ್ತು, ಅದ್ದು ಅಂಕಲ್ ಮುಂದೆಯೇ ಅಪ್ಪನಿಗೆ ಹೇಳಿದ್ದಕ್ಕೆ, ನೀನು ನೋಡಿದ್ದು ತಪ್ಪು ಅಂದರು ಎಂದಳು. ಎಲ್ಲ ಇಂಗ್ಲಿಷಿನಲ್ಲಿ, ತಗ್ಗಿದ ಧ್ವನಿಯಲ್ಲಿ.

“ಅಂಕಲ್, ಡಿಡ್ ಐ ಸೀ ರಾಂಗ್?”

ಒಳಗೆ ನನ್ನ ಹೆಂಡತಿ ಮಿಕ್ಸಿ ಹಾಕಿದ್ದಳು. ಆ ಸದ್ದು ನಿಲ್ಲಲಿ ಎಂದು ಕಾದೆ. ನಿಂತಿತು.

“ಮೊದಲನೇ ಪ್ಯಾರಾದಿಂದ ಶುರು ಮಾಡು,” ಎಂದೆ.

ಅವಳು ಶುರು ಮಾಡಿದಳು. ಒಂದು ಅಕ್ಷರ ತಪ್ಪದೆ ಹೇಳಿದಳು. ಹದಿಮೂರು ವರ್ಷದ ಮಗುವಿಗೆ ನಾನು ಅವತ್ತು ಏನು ಕಲಿಸಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಹೋದ ಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದೆ. ಕನ್ನಡಿಯಲ್ಲಿ ಕಂಡವನನ್ನು ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ಶುಕ್ರವಾರ ಸಂಜೆ ಹೋಟೆಲಿನ ಹಾಲಿನಲ್ಲಿ ಸ್ಪರ್ಧೆ. ಇನ್ನೂರು ಜನ, ಹಿಂದೆ ಬೋಂಡಾ ಸೂಪು. ಸಿಂಚನಾ ರೇಷ್ಮೆ ಲಂಗ ಉಟ್ಟು ಬಂದಳು. ಎರಡನೆಯ ಪ್ಯಾರಾ ಮುಗಿದ ಕೂಡಲೇ ಒಂದು ಕ್ಷಣ ನಿಂತು ನನ್ನ ಕಡೆ ನೋಡಿದಳು. ಆಮೇಲೆ ನಾಲ್ಕನೆಯದಕ್ಕೆ ಹೋದಳು. ಮಸಾರಿಕ್ ಅಧ್ಯಕ್ಷನಾದ, ಮತ್ತೆ ಮತ್ತೆ ಆಯ್ಕೆಯಾದ, ಎಂಬತ್ತೈದನೇ ವಯಸ್ಸಿನಲ್ಲಿ ತಾನೇ ಕೆಳಗಿಳಿದ, ಜೈ ಕರ್ನಾಟಕ. ಮೊದಲ ಬಹುಮಾನ ಅವಳಿಗೇ ಬಂತು. ಬಳಗದ ಅಧ್ಯಕ್ಷ ಬಸಯ್ಯ, ವಿಜಯಪುರದವರು, ಮಕ್ಕಳ ಭಾಷಣಗಳ ಬೆನ್ನೆಲುಬು ಎಂದು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು.

ನಾನು ಹೇಳಿದೆ. ಯೋಚನೆ ಮಾಡಿ ಹೇಳಿದ್ದಲ್ಲ, ಇನ್ನು ತಡೆಯಲಾಗಲಿಲ್ಲ. ಸೋಮವಾರ ಖುಷಿಗೆ ಚಿಕನ್ ಪಫ್ ಕೊಟ್ಟವನು ನಾನು, ಅದು ನನಗೆಂದು ತರಿಸಿದ್ದು, ಇಪ್ಪತ್ತು ವರ್ಷದಿಂದ ಕಾರಿನಲ್ಲಿ ಕೂತು ಕದ್ದು ತಿನ್ನುತ್ತೇನೆ, ಅದ್ದು ಹೇಳಿದ್ದು ನಿಜ, ನಾನು ನಕ್ಕದ್ದು ಸುಳ್ಳು ಎಂದೆ. ಸಿಂಚನಾಳ ಭಾಷಣದಲ್ಲಿ ಒಂದು ಪ್ಯಾರಾ ಕತ್ತರಿಸಿದ್ದಾರೆ ಎಂದು ಹೇಳಿ ಆ ಹಿಲ್ಸ್‌ನರ್ ಕತೆಯನ್ನೂ ಪೂರ್ತಿ ಹೇಳಿದೆ. ನೂರಿಪ್ಪತ್ತು ವರ್ಷದ ಹಿಂದೆ ಪೋಲ್ನಾದಲ್ಲಿ ಜನ ಆಡಿದ ಮಾತಿಗೂ ಈ ವಾರ ನಮ್ಮ ಗ್ರೂಪಿನಲ್ಲಿ ಬಂದ ಮಾತಿಗೂ ವ್ಯತ್ಯಾಸ ಇದ್ದರೆ ತೋರಿಸಿ ಎಂದೆ. ದೂರು ಇವತ್ತೇ ವಾಪಸ್ ತೆಗೆದುಕೊಳ್ಳಿ ಎಂದೆ. ಧ್ವನಿ ಏರಿತ್ತು. ಯಾರಾದರೂ ಕೂಗಿ ಇಳಿಸುತ್ತಾರೆ ಎಂದು ಕಾದೆ.

ಬಸಯ್ಯ ಮೆಲ್ಲಗೆ ಮೈಕು ತೆಗೆದುಕೊಂಡರು.

“ತಪ್ಪು ಎಲ್ಲಾರೂ ಮಾಡ್ತೀವಿ. ಇಷ್ಟು ಮಂದಿ ಮುಂದ ಒಪ್ಪಿಕೊಳ್ಳೋ ಎದಿ ಯಾರಿಗೈತ್ರಿ? ಮಸಾರಿಕ್ ಅಂದ್ರ ಯುರೋಪಿನ್ಯಾಗ ಅಷ್ಟ ಅಲ್ಲ, ನಮ್ಮ ನಡುವೇನೂ ಅದಾರ.”

ಚಪ್ಪಾಳೆ ಬಿತ್ತು. ಕೆಲವರು ಎದ್ದು ನಿಂತು ಹೊಡೆದರು. ಮಸಾರಿಕನಿಗೆ ಅವನ ಜನ ಧಿಕ್ಕಾರ ಕೂಗಿದ್ದರು, ನನಗೆ ನನ್ನ ಜನ ಚಪ್ಪಾಳೆ ಹೊಡೆದರು. ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಬೇಕಿತ್ತು, ನಾನು ಹೇಳಿದ್ದು ಯಾರ ಕಿವಿಗೂ ಹೋಗಿಲ್ಲ ಎಂದು. ಹೆಗಲ ಮೇಲಿನ ಶಾಲು ತೆಗೆದು ಕುರ್ಚಿಯ ಮೇಲೆ ಎಸೆದು ಇಳಿದೆ. ಅದಕ್ಕೂ ಚಪ್ಪಾಳೆ ಬಂತು.

ಸುಭಾಸನನ್ನು ಊಟದ ಸಾಲಿನಲ್ಲಿ ಹಿಡಿದೆ. ದೂರಿನ ವಿಷಯ ಎತ್ತಿದೆ. ಅವನು ನನ್ನ ಭುಜ ತಟ್ಟಿದ. ಅದೇ ಮನುಷ್ಯ, ಸೋಮವಾರ ಅದ್ದುವನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡವನು.

“ಇರ್ಲಿ ಬಿಡ್ರೀ ಸರ್ರ. ನಿಮ್ಮ ಕಡಿಂದ ಗೊತ್ತಿಲ್ಲದ ಆಗೇತಿ. ಆದ್ರ ಅಂವಾ ವಾಸನಿ ನೋಡಿ ಕೊಡಬೇಕಿತ್ತಲ್ಲ? ಅವ್ರಿಗೆ ವಾಸನಿ ಗೊತ್ತಾಗತೈತಿ.”

“ನನಗೂ ಗೊತ್ತಾಗತ್ತೆ ಕಣ್ರೀ. ತಿಂತಾ ಇದ್ದಿದ್ದು ನಾನು,” ಎಂದೆ.

ಅವನು ಕೇಳಿಸಿಕೊಳ್ಳಲಿಲ್ಲ. ಹೊಸ ಡ್ರೈವರ್ ಗೊತ್ತಾಗಿದ್ದಾನೆ, ನಮ್ಮವನೇ, ಭಾನುವಾರದಿಂದ ಬರುತ್ತಾನೆ, ಈಗ ದೂರು ವಾಪಸ್ ಎಂದರೆ ಹನ್ನೊಂದು ಜನರ ಮಾತಿಗೆ ಏನು ಬೆಲೆ ಉಳಿಯುತ್ತದೆ ಎಂದ. ಉಳಿದ ಹತ್ತು ಜನರನ್ನೂ ಕೇಳಿದೆ, ಒಬ್ಬೊಬ್ಬರಾಗಿ. ಎಲ್ಲರೂ ನನ್ನನ್ನು ಕ್ಷಮಿಸಿದರು. ಒಬ್ಬರೂ ಸಹಿ ವಾಪಸ್ ತೆಗೆದುಕೊಳ್ಳಲಿಲ್ಲ.

ಕಾರಿನಲ್ಲಿ ನನ್ನ ಹೆಂಡತಿ ಬೆಲ್ಟ್ ಹಾಕಿಕೊಂಡು ನನ್ನ ಕಡೆ ತಿರುಗಿದಳು. ಕೋಳಿಯ ವಿಷಯಕ್ಕೆ ಬೈಯುತ್ತಾಳೆ ಎಂದುಕೊಂಡೆ.

“ಹತ್ತು ವರ್ಷದಿಂದ ಗೊತ್ತು ನಂಗೆ. ಈ ಕಾರಲ್ಲಿ ನಾನೂ ಕೂರ್ತೀನಲ್ಲ,” ಎಂದಳು. “ಇದಕ್ಕಾ ಅವನನ್ನ ಬಲಿ ಕೊಟ್ರಿ?”

ಗೊತ್ತಿದ್ದ ಗುಟ್ಟನ್ನು ಕಾಪಾಡಲು ನಾನು ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅವಳ ಮೇಲೂ ಸಿಟ್ಟು ಬಂತು, ಹತ್ತು ವರ್ಷ ಸುಮ್ಮನಿದ್ದುದಕ್ಕೆ. ಆ ಸಿಟ್ಟಿಗೆ ಅರ್ಥವಿಲ್ಲ ಎಂದು ಗೊತ್ತಿದ್ದೂ ಬಂತು.

ಶನಿವಾರ ಬೆಳಿಗ್ಗೆ ಅಲ್ ಮಬೇಲಾಕ್ಕೆ ಹೋದೆ. ತಮೀಮ್ ಖರ್ಜೂರ, ಅರಬ್ಬರ ಕಾಫಿ ಕಹ್ವಾ ಕೊಟ್ಟು ಕೂರಿಸಿದ. ನಾನು ಬರೆದು ತಂದ ಹೇಳಿಕೆಯನ್ನು ಅವನ ಮುಂದಿಟ್ಟೆ. ಓದಿದ. ಅದ್ದು ಒಳ್ಳೆಯವನೆಂದು ತನಗೆ ಗೊತ್ತು, ವೀಸಾ ಕ್ಯಾನ್ಸಲ್ ಮಾಡುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ಆದರೆ ಹನ್ನೊಂದು ಮನೆಯವರು ಬೇಡ ಎಂದ ಮೇಲೆ ಶಾಲೆಯ ವ್ಯಾನಿಗೆ ಕೂರಿಸಲಾಗದು, ಅವರು ಹೋದರೆ ತನ್ನ ಉಳಿದ ಎರಡು ವ್ಯಾನಿನ ಮನೆಯವರೂ ಹೋಗುತ್ತಾರೆ ಎಂದ. ಸಹಮ್‌ನಲ್ಲಿ ತಮ್ಮನ ಮೀನಿನ ವ್ಯಾಪಾರ ಇದೆ, ಐಸ್ ಲಾರಿ ಓಡಿಸಲಿ ಎಂದ. ದೂರದ ಕರಾವಳಿ ಊರು, ಬೆಳಗಿನ ಜಾವ ಮೂರಕ್ಕೆ ಶುರುವಾಗುವ ಕೆಲಸ, ಸಂಬಳವೂ ಕಡಿಮೆ. ನನ್ನ ಕಾಗದವನ್ನು ಮಡಿಸಿ ನನಗೇ ಕೊಟ್ಟ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಏನೂ ಸಿಗಲಿಲ್ಲ.

ಅದ್ದು ಹಿಂದಿನ ಅಂಗಳದಲ್ಲಿ ವ್ಯಾನು ತೊಳೆಯುತ್ತಿದ್ದ. ನಾಳೆಯಿಂದ ಬೇರೆಯವನು ಓಡಿಸುವ ವ್ಯಾನು. ಸೀಟಿನ ಸಂದುಗಳಲ್ಲಿ ಸಿಕ್ಕಿದ ಪೆನ್ಸಿಲ್, ಹೇರ್ ಬ್ಯಾಂಡ್, ಒಂದು ಪುಟ್ಟ ಸಾಕ್ಸ್ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದ. ನಾನು ಎಲ್ಲರ ಮುಂದೆ ಹೇಳಿದ್ದನ್ನು ಹೇಳಿದೆ. ಮೈಕಿನಲ್ಲಿ ಹೇಳಿದೆ ಎಂದೂ ಸೇರಿಸಿದೆ.

“ಗೊತ್ತುಂಟು ಸಾರ್. ವಿಡಿಯೋ ಬಂದಿದೆ,” ಎಂದ. ಕೈಯಲ್ಲಿದ್ದ ಬಟ್ಟೆ ಹಿಂಡಿದ. “ನಿಮ್ಗೆ ಚಪ್ಪಾಳೆ ಸಿಕ್ಕಿತಲ್ಲ, ಒಳ್ಳೇದಾಯ್ತು. ನನಗೆ ಬೇಕಿದ್ದದ್ದು ಅಷ್ಟೆಲ್ಲ ಅಲ್ಲ ಮಾರಾಯ್ರೆ. ಸೋಮವಾರ ಫೋನಲ್ಲಿ ಹೌದು ಅಂತ ಒಂದು ಮಾತು.”

ತಪ್ಪಾಯಿತು ಎಂದೆ. ಎರಡು ಸಲ ಎಂದೆ. ಸಹಮ್‌ಗೆ ನಾನೇ ಕಾರಿನಲ್ಲಿ ಬಿಡುತ್ತೇನೆ ಎಂದೆ. ಅವನು ಬೇಡ, ಬಸ್ಸು ಉಂಟು ಎಂದ.

“ಒಂದು ಮಾಡಿ ಸಾರ್. ಆ ಸಣ್ಣ ಮಗುವಿಗೆ ಹೇಳಿ, ನೀನು ಸುಳ್ಳು ಹೇಳಿದ್ದಲ್ಲ ಅಂತ. ದೊಡ್ಡವಳಿಗೂ ಹೇಳಿ. ಆ ಮನೇಲಿ ನಿಜ ಹೇಳಿದ್ದು ಅವರಿಬ್ಬರೇ.”

ಹೇಳುತ್ತೇನೆ ಎಂದೆ. ಅವನು ಡಬ್ಬಿ ಎತ್ತಿ ನನ್ನ ಕೈಗೆ ಕೊಟ್ಟ, ಯಾವುದು ಯಾರದ್ದು ಎಂದು ಒಂದೊಂದನ್ನೂ ತೋರಿಸಿ ಹೇಳಿದ. ಮತ್ತೆ ನೀರಿನ ಪೈಪು ಹಿಡಿದು ಹಿಂದಿನ ಚಕ್ರದ ಹತ್ತಿರ ಕೂತ. ನಾನು ಇನ್ನೂ ಸ್ವಲ್ಪ ಹೊತ್ತು ನಿಂತೆ, ಅವನು ಬಾಯಿಗೆ ಬಂದದ್ದು ಬೈಯಲಿ ಎಂದು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಬೈಯಲಿಲ್ಲ.